ಹಲ್ಲಿನ ಡಾಕ್ಟರ ತಾಯಿಯ ಪಾದಗಳು

ದೇವರಾಜ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮ ತಂದೆಯ ಮನೆ ಇತ್ತು. ತಂದೆಗೆ ಬೆಲ್ಲದ ಮಂಡಿ. ಬೀದಿಯ ಕಡೆಯ ಕೋಣೆಯನ್ನೂ ಹಿತ್ತಿಲಿನ ಎರಡು ಕೋಣೆಗಳನ್ನೂ ಒಂದು ಚೀನಾ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಯಜಮಾನರು ಹಲ್ಲಿನ ಡಾಕ್ಟರು. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಹಲ್ಲುಸೆಟ್ಟುಗಳು ಒಂದರ ಮೇಲೊಂದು ಕಚ್ಚಿಕೊಂಡು ಕೂತಿರುತ್ತಿದ್ದವು. ಸ್ವಾತಂತ್ರ್ಯ ಬಂದ ವರ್ಷ ನನಗೆ ಒಂಬತ್ತು. ಆಗ ಆ ಮನೆಯಲ್ಲಿದ್ದವರು ನಾಲ್ಕು ಜನ: ಡಾಕ್ಟರು, ಅವರ ತಾಯಿ, ಹೆಂಡತಿ, ನಾಲ್ಕು ವರ್ಷದ ಮಗಳು. ಬಾವಿ ಎರಡು ಮನೆಗೂ ಒಂದೇ.

ಡಾಕ್ಟರ ತಾಯಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿಯ ಪಾದ ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಅಷ್ಟೇ. ಅವರ ದೇಶದಲ್ಲಿ ಹಿಂದೆ ಒಳ್ಳೆಯ ಮನೆತನದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೇ ಪಾದ ಮಡಿಸಿ ಪಟ್ಟಿ ಕಟ್ಟುತ್ತಿದ್ದರಂತೆ. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕು ಬೆರಳು ಅಂಗಾಲಿನ ಕೆಳಗೆ ಸೇರಿಕೊಂಡು ಅಲ್ಲಿಯೇ ಬೆಳೆದುಬಿಡುತ್ತವೆ. ವಾರಕ್ಕೊಮ್ಮೆ ಆ ಪಟ್ಟಿ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಉಗುರು ಕತ್ತರಿಸಿ, ಮಡಿಕೆಯ ಒಳಗೆ ಪಟಿಕದ ಪುಡಿ ಉದುರಿಸಿ ಹೊಸ ಪಟ್ಟಿ ಸುತ್ತಬೇಕು. ಉಗುರು ಬಿಟ್ಟರೆ ಅದು ಅವರ ಅಂಗಾಲಿಗೇ ಇಳಿಯುತ್ತದೆ. ಈ ಕೆಲಸ ಸೊಸೆಯದು. ಬಚ್ಚಲಿನ ಪಕ್ಕ ಪರದೆ ಇಳಿಬಿಟ್ಟು ಮಾಡುತ್ತಿದ್ದಳು. ಬೇರೆ ಯಾರೂ, ಹೆತ್ತ ಮಗ ಸಹ, ಆ ಪಾದವನ್ನು ಬರಿಗಾಲಾಗಿ ನೋಡಕೂಡದು. ನಾನು ಪರದೆಯ ಸಂದಿಯಿಂದ ಒಮ್ಮೆ ನೋಡಿದ್ದೆ. ಬೆಂದ ಗೆಣಸಿನ ಸಿಪ್ಪೆಯ ಬಣ್ಣ.

ಸೊಸೆಯ ಪಾದ ಇನ್ನೊಂದು ಬಗೆ. ಅಗಲವಾಗಿ, ಮಧ್ಯದಲ್ಲಿ ಗೂನು ಎದ್ದಂತೆ ಇತ್ತು. ಏಳು ವರ್ಷಕ್ಕೇ ಅವಳನ್ನು ಆ ಮನೆಗೆ ಸೊಸೆಯೆಂದು ತಂದಿದ್ದರು. ಮದುವೆಯಾಗಿ ಅಲ್ಲ, ಸಾಕಿ ದೊಡ್ಡವಳಾದ ಮೇಲೆ ಮಗನಿಗೆ ಕೊಡುವುದೆಂದು. ತಂದವರು ಪಟ್ಟಿ ಕಟ್ಟಿದರು. ಆಮೇಲೆ ಊರು ಬಿಟ್ಟು ಬರ್ಮಾ ದಾಟಿ ಬರುವಾಗ ಗಂಟು ಹೊರುವುದಕ್ಕೆ ಒಬ್ಬಳು ಬೇಕಾಗಿ, ಪಟ್ಟಿ ಬಿಚ್ಚಿದರು.

"ನನ್ ಕಾಲ್ನ ಅರ್ಧಕ್ಕೇ ನಿಲ್ಲಿಸ್ಬುಟ್ರು ಕಣಮ್ಮ," ಎಂದು ಅವಳು ನನ್ನ ಅವ್ವನಿಗೆ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. "ದೊಡ್ಡೋರ ಮನೇದೂ ಅಲ್ಲ, ಹೊಲದೋಳ್ದೂ ಅಲ್ಲ." ಅವಳ ಕನ್ನಡ ಪೂರಾ ಮಾರುಕಟ್ಟೆಯದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಸೊಪ್ಪಿನವಳು ಎನ್ನಬೇಕು.

ಮದುವೆ ಹೇಗಾಯಿತೆಂದು ಅವ್ವ ಒಮ್ಮೆ ಕೇಳಿದಳು. ಅವರ ಹೊಸ ವರ್ಷದ ಹಿಂದಿನ ದಿನ, ಹದಿನಾರು ತುಂಬಿದ್ದಾಗ, ಅತ್ತೆ ಅವಳ ಚಾಪೆಯನ್ನು ಅಡಿಗೆಮನೆಯಿಂದ ತೆಗೆದು ಮಗನ ಕೋಣೆಯಲ್ಲಿ ಹಾಸಿದರಂತೆ. ಅದೇ ಮದುವೆ. ವಾಲಗ ಇಲ್ಲ, ಊಟ ಇಲ್ಲ. "ಅವತ್ತಿನವರ್ಗೂ ಅವ್ರನ್ನ ಅಣ್ಣ ಅಂತಿದ್ದೆ," ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ಅವ್ವ ನಗಬೇಕೋ ಬೇಡವೋ ತಿಳಿಯದೆ ಹಗ್ಗ ಹಿಡಿದು ನಿಂತಿದ್ದಳು.

ಅವರ ಊಟವನ್ನು ನಾನು ಕಂಡಿದ್ದೇನೆ. ಅತ್ತೆ ಮತ್ತು ಮಗ ಮೇಜಿನಲ್ಲಿ, ಸೊಸೆ ಹಿಂದೆ ನಿಂತು. ಬಟ್ಟಲಿಗೆ ಬಡಿಸುವುದು ಒಂದು ಗಳಿಗೆ ತಡವಾದರೆ ಅಜ್ಜಿ ತಲೆ ತಿರುಗಿಸದೆಯೇ ಊಟದ ಕಡ್ಡಿಯಿಂದ ಅವಳ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಟಕ್ ಎಂದು ಒಂದೇ ಏಟು. ಡಾಕ್ಟರು ಮೀನಿನ ಮುಳ್ಳು ಬಿಡಿಸುತ್ತ ಇರುತ್ತಿದ್ದರು.

ಮರುವರ್ಷ ಕಲ್ಕತ್ತೆಯಿಂದ ಒಂದು ಮಾತು ಬಂತು. ಅಲ್ಲಿ ಅವರದೇ ಚೀನಾ ಊರಿನ, ಅದೇ ಹಲ್ಲಿನ ಕಸುಬಿನ ಒಬ್ಬ ವಿಧವೆ. ಅವಳಿಗೆ ಒಬ್ಬನೇ ಮಗ. ಸಾಕಿಕೊಳ್ಳಲು ಒಂದು ಸೊಸೆ ಬೇಕು. ಅಜ್ಜಿ ಒಪ್ಪಿಗೆಯ ಕೆಂಪು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಡಾಕ್ಟರ ಮಗಳಿಗೆ ಆಗ ಐದು ವರ್ಷ. ನಮ್ಮ ಬಾವಿಕಟ್ಟೆಯ ಪಕ್ಕ ನನ್ನ ಜೊತೆ ಕುಂಟೆಬಿಲ್ಲೆ ಆಡುವಾಗ ಅವಳು ಯಾವಾಗಲೂ ಗೆರೆ ತುಳಿಯುತ್ತಿದ್ದಳು, ನಾನು ಬಿಟ್ಟುಕೊಡುತ್ತಿರಲಿಲ್ಲ. ಹೊರಡುವ ದಿನ ಅವಳ ಮುಂಗೂದಲನ್ನು ಬಟ್ಟಲಿಟ್ಟು ಅಳತೆ ಮಾಡಿದಂತೆ ಕತ್ತರಿಸಿದ್ದರು. ತಾಯಿ ಶುಂಠಿ ಹೆಚ್ಚುತ್ತಿದ್ದಳು. ಜಟಕಾ ತಿರುವು ದಾಟುವ ತನಕ ಹೆಚ್ಚಿದಳು. ಅಷ್ಟು ಶುಂಠಿ ಆ ಮನೆಗೆ ತಿಂಗಳಿಗೂ ಬೇಕಿರಲಿಲ್ಲ.

"ಎಲ್ಗೆ ಹೋದ್ಲು?" ಎಂದು ಕೇಳಿದೆ.

"ಅತ್ತೆ ಮನೇಗೆ," ಎಂದಳು ಅವ್ವ. "ಬಾ ಒಳೀಕೆ."

ನಾನು ಓದು ಮುಗಿಸಿದೆ. ಮದುವೆಯಾಗಿ ಯಾದವಗಿರಿಗೆ ಹೋದೆ. ನನ್ನ ಅತ್ತೆ ಕೈ ಎತ್ತುವವರಲ್ಲ. ನಾನು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮತ್ತೆ ಮೋರಿಯ ಪಕ್ಕ ಇಡುತ್ತಿದ್ದರು. ಬಂದವರ ಮುಂದೆ "ನಮ್ಮ ಸೊಸೆ ಕಾನ್ವೆಂಟು, ಅವಳಿಗೆ ಬೂದಿ ಅಂದ್ರೆ ಆಗಲ್ಲ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎರಡು ವರ್ಷದಲ್ಲಿ ಒಂದು ಮಾತು ಎದುರಾಡಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಎಂಟು ತಿಂಗಳು, ಮಾಗಿಯ ಚಳಿ ಶುರುವಾಗಿತ್ತು.

ಬಂದ ಮೂರನೆಯ ದಿನ ಚೀನಾ ಸೊಸೆ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ನನ್ನ ಮಂಚದ ಪಕ್ಕ ಬಂದು ಕೂತಳು. ಡಬ್ಬಿಯ ತುಂಬ ಖಾಲಿ ಲಕೋಟೆಗಳು, ವರ್ಷಕ್ಕೊಂದರಂತೆ. ಕಲ್ಕತ್ತೆಯಿಂದ ಪ್ರತಿ ಹೊಸ ವರ್ಷಕ್ಕೆ ಕಾಗದ ಬರುತ್ತಿತ್ತು. ಡಾಕ್ಟರು ಬಾಗಿಲು ಮುಂದೆ ಮಾಡಿಕೊಂಡು ತಾಯಿಗೆ ಓದಿ ಹೇಳುತ್ತಿದ್ದರು. ಕಾಗದ ಅಜ್ಜಿಯ ಪೆಟ್ಟಿಗೆಗೆ, ಲಕೋಟೆ ಕಸಕ್ಕೆ. ಕಸದಿಂದ ಇವಳು ಆರಿಸಿಟ್ಟುಕೊಂಡಿದ್ದಳು. ಒಳಗೇನಿತ್ತೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಯಾವ ಭಾಷೆಯೂ ಓದಲು ಬರುತ್ತಿರಲಿಲ್ಲ.

"ಇದ್ರಲ್ಲಿ ವಿಳಾಸ ಅದಾ ಪುಟ್ಟಿ?"

ಇತ್ತು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ, ರಬ್ಬರು ಮೊಹರಿನಲ್ಲಿ.

"ಈ ಹೊಸ ವರ್ಷಕ್ಕೆ ಅವ್ಳಿಗೆ ಹದಿನಾರು," ಎಂದಳು. "ಚಾಪೆ ಎತ್ತಿ ಹಾಕ್ಬುಡ್ತಾರೆ. ಅಷ್ಟ್ರೊಳ್ಗೆ ತರಿಸ್ಬೇಕು. ನೀನು ಬರ್ದುಕೊಡು."

ಡಾಕ್ಟರು ಬರೆಯುವುದಿಲ್ಲ ಎಂದಿದ್ದರಂತೆ. ಮಾತು ಕೊಟ್ಟದ್ದು ತಾಯಿ. ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಹೆತ್ತವಳು ಬರೆದರೆ ಆ ಕಾಗದಕ್ಕೆ ಬೆಲೆಯಿಲ್ಲ, ಮನೆಯ ಹಿರಿಯಳ ಹೆಬ್ಬೆಟ್ಟಿದ್ದರೆ ಆ ಕಡೆಯವರು ಇಲ್ಲವೆನ್ನುವ ಹಾಗಿಲ್ಲ. ಅವರಲ್ಲಿ ಪದ್ಧತಿ ಹಾಗೆ.

"ಅಜ್ಜಿ ಒತ್ತುತ್ತಾರಾ?"

"ಒತ್ತುತ್ತಾರೆ. ಕಾಲು ಕಟ್ಟೋದು ನಿಲ್ಸಿ ಹದಿನೈದು ದಿನ ಆಯ್ತು."

ಅವಳು ಅದನ್ನು ಹಾಲು ನಿಲ್ಲಿಸಿದೆ ಎನ್ನುವ ಹಾಗೆ ಹೇಳಿದಳು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು, ಸೊಂಟ ಬಗ್ಗುತ್ತಿರಲಿಲ್ಲ. ತಮ್ಮ ಪಾದ ತಮಗೇ ಎಟುಕುತ್ತಿರಲಿಲ್ಲ. ಮಗನಿಗೆ ಹೇಳಬೇಕೆಂದರೆ ಪಾದ ತೋರಿಸಬೇಕು. ಸತ್ತರೂ ತೋರಿಸುವವರಲ್ಲ.

ನಾನು ಹೊಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಲೇಖನಿಗೆ ಮಸಿ ತುಂಬಿದೆ.

ಮುಂದಿನ ವಾರ ಹಿತ್ತಿಲಿನಿಂದ ವಾಸನೆ ನಮ್ಮ ನಡುಮನೆಗೂ ಬರತೊಡಗಿತು. ಅವ್ವ ಮೂಗಿಗೆ ಸೆರಗು ಹಿಡಿದು ಅಟ್ಟದ ಮೇಲೆಲ್ಲ ಹುಡುಕಿದಳು. "ಇಲಿ ಸತ್ತದಾ ಏನ್ ಕಥೆ. ನೋಡ್ರೀ, ಆ ಬೆಲ್ಲದ ಮೂಟೆ ಹಿಂದುಕ್ಕೆ ನೋಡ್ರೀ." ತಂದೆ ಮೂಟೆ ಸರಿಸಿ ನೋಡಿದರು. "ನಿಮ್ಮವ್ವಂಗೆ ಮೂಗೇ ದೊಡ್ಡದು," ಎಂದು ನನಗೆ ಹೇಳಿ ಮಂಡಿಗೆ ಹೋದರು. ನನಗೆ ಗೊತ್ತಿತ್ತು. ನಾನು ಕಿತ್ತಲೆ ಸಿಪ್ಪೆಯನ್ನು ಮೂಗಿಗೆ ಹಿಡಿದುಕೊಂಡು ಮಲಗಿದ್ದೆ.

ಒಂದು ಬೆಳಿಗ್ಗೆ ಸೊಸೆ ಕರೆದಳು. ಮಂಡಿಯ ಮೊಹರಿನ ಮಸಿಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿದ್ದರು. ತಲೆ ಬಾಚಿ ಎಣ್ಣೆ ಹಚ್ಚಿ ಗಂಟು ಹಾಕಿತ್ತು. ಬಾಕಿಯೆಲ್ಲ ಸೇವೆಯೂ ತಪ್ಪದೆ ನಡೆದಿತ್ತು ಎಂದು ಆಗ ತಿಳಿಯಿತು. ಕಾಲ ಮೇಲೆ ಕಂಬಳಿ. ಮಂಚದಿಂದ ಎರಡು ಮಾರು ದೂರದಲ್ಲಿ ಬೋಗುಣಿಯಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ಪಕ್ಕದಲ್ಲಿ ಪಟಿಕದ ಪುಡಿ, ಕತ್ತರಿ, ಸುರುಳಿ ಸುತ್ತಿದ ಬಿಳಿಯ ಪಟ್ಟಿಗಳು. ಎಲ್ಲವೂ ಕಣ್ಣಿಗೆ ಬೀಳುವ ಹಾಗೆ, ಕೈಗೆ ಎಟುಕದ ಹಾಗೆ.

ಇಂಗ್ಲಿಷಿನಲ್ಲಿ ಬರೆದಿದ್ದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅವಳು ಸಾಲು ಸಾಲಾಗಿ ಅತ್ತೆಗೆ ತಿಳಿಸಿದಳು. ಅಜ್ಜಿ ತಣ್ಣಗೆ ಏನೋ ಅಂದರು. ಸೊಸೆ ನಕ್ಕಳು.

"ಏಳು ವರ್ಷಕ್ಕೆ ತಂದು ಅನ್ನ ಹಾಕಿದ್ದು ನಾನು ಅಂತಾರೆ. ಹೂ, ತಂಗಳನ್ನ ಅಂದೆ."

ಅಜ್ಜಿ ನನ್ನ ಕಡೆ ತಿರುಗಿದರು. ಹತ್ತಿಪ್ಪತ್ತು ವರ್ಷ ಮೈಸೂರಿನಲ್ಲಿದ್ದರೂ ಅವರಿಗೆ ಬರುತ್ತಿದ್ದ ಕನ್ನಡ ನಾಲ್ಕೈದು ಮಾತು. "ಬೇಡ," ಎಂದರು. "ಹುಡ್ಗಿ ಚೆನ್ನಾಗದೆ."

"ಹೆಂಗೆ ಚೆನ್ನಾಗಿರ್ತದೆ ಅಂತ ನಂಗ್ಗೊತ್ತು," ಎಂದಳು ಸೊಸೆ. ತನ್ನ ಬೆರಳ ಗಂಟುಗಳನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು.

ಅಜ್ಜಿ ಮತ್ತೆ ನನ್ನನ್ನೇ ನೋಡಿದರು. ಹೇಗೆ ಚೆನ್ನಾಗಿದ್ದಾಳೆ, ಕಾಗದದಲ್ಲಿ ಏನಿತ್ತು ಎಂದು ನಾನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸೊಸೆಗೆ ಲೆಕ್ಕ ಒಪ್ಪಿಸುವ ಅಭ್ಯಾಸ ಅವರಿಗೂ ಇರಲಿಲ್ಲ. ನೀರು ತಣ್ಣಗಾಗುವ ತನಕ ಕೂತರು. ಆಮೇಲೆ ಹೆಬ್ಬೆಟ್ಟು ಮುಂದೆ ಚಾಚಿದರು. ನಾನೇ ಅದನ್ನು ಮಸಿಗೆ ಒತ್ತಿ ಕಾಗದದ ಮೇಲಿಟ್ಟೆ. ಬಿಸಿಯಾಗಿತ್ತು, ಜ್ವರ.

ಸೊಸೆ ಆ ತಣ್ಣೀರಿನಲ್ಲೇ ಪಾದ ತೊಳೆಯಲು ಕೂತಳು. ಕಂಬಳಿ ತೆಗೆದಾಗ ನಾನು ಹೊರಗೆ ಬಂದು ಬಾವಿಕಟ್ಟೆ ಹಿಡಿದುಕೊಂಡು ವಾಂತಿ ಮಾಡಿದೆ. ಎಡಗಾಲಿನ ಪಟ್ಟಿ ಬಿಚ್ಚಿ ಬರಲಿಲ್ಲವಂತೆ, ಕತ್ತರಿಸಿ ತೆಗೆದಳಂತೆ.

ಆ ಕಾಗದದ ಬಗ್ಗೆ ಒಂದು ಮಾತು ಹೇಳಬೇಕು. ಅವಳು ನನಗೆ ಹೇಳಿದ್ದು ಇಷ್ಟೇ: ಮಗುವನ್ನು ಕಳಿಸಿ, ಹಿರಿಯಳು ಕೇಳುತ್ತಿದ್ದಾಳೆ. ನನಗೆ ಅದು ಸಾಲದೆನಿಸಿತು. ಕಾನ್ವೆಂಟಿನಲ್ಲಿ ಕಾಗದ ಬರೆಯುವುದಕ್ಕೆ ನನಗೆ ಬಹುಮಾನ ಬಂದಿತ್ತು. ಅಜ್ಜಿಯ ಮಾತೆನ್ನುವ ಹಾಗೆ ಎರಡು ಸಾಲು ಸೇರಿಸಿದೆ: ಯಾವ ಕಾರಣವನ್ನೂ ಕೇಳಲು ನನಗೆ ಇಷ್ಟವಿಲ್ಲ. ಅವಳನ್ನು ಕಳಿಸದಿದ್ದರೆ ಸಾಯುವ ಮುದುಕಿಯ ನರೆಗೂದಲಿಗೆ ನೀವು ಉಗಿದಿರಿ ಎಂದು ತಿಳಿಯುತ್ತೇನೆ. ಯಾದವಗಿರಿಯಲ್ಲಿ ಎರಡು ವರ್ಷ ಬಾಯಿಗೆ ಬಂದು ನುಂಗಿದ್ದ ದನಿ ಅದು. ಅದನ್ನು ಓರೆ ಅಕ್ಷರದಲ್ಲಿ ಬರೆದು, ಒತ್ತುಕಾಗದ ಇಟ್ಟು ಆರಿಸಿ, ನನಗೆ ನಾನೇ ಎರಡು ಸಲ ಓದಿಕೊಂಡಿದ್ದೆ. ಅಜ್ಜಿಗೆ ಓದಿ ಹೇಳುವಾಗ ಆ ಎರಡು ಸಾಲನ್ನು ಬಿಟ್ಟಿದ್ದೆ.

ನನಗೆ ಗಂಡು ಮಗುವಾಯಿತು. ಹನ್ನೆರಡನೆಯ ದಿನ ಬಾಣಂತಿ ಕೋಣೆಯ ಕಿಟಕಿಯಿಂದ ಜಟಕಾ ನಿಂತದ್ದು ಕಂಡೆ. ಇಳಿದವಳು ಬೂದು ಬಣ್ಣದ ಸ್ಕರ್ಟು, ಸ್ವೆಟರು ಹಾಕಿದ್ದಳು. ಕತ್ತಿನವರೆಗೆ ಕತ್ತರಿಸಿದ ಕೂದಲು, ಕನ್ನಡಕ. ಪಾಲಿಷು ಮಾಡಿದ ಕಪ್ಪು ಬೂಟು, ಬಿಳಿಯ ಕಾಲುಚೀಲ. ಪೆಟ್ಟಿಗೆಯ ಜೊತೆಗೆ ದಾರ ಕಟ್ಟಿದ ಪುಸ್ತಕದ ಹೊರೆ. ತಾಯಿ ಬಾಗಿಲಿನಲ್ಲಿ ಕೆಂಪು ಬಣ್ಣ ಹಾಕಿದ ಮೊಟ್ಟೆಯ ತಟ್ಟೆ ಹಿಡಿದು ನಿಂತಿದ್ದಳು. ಹುಡುಗಿ ಅವಳಿಗೆ ತಲೆ ಬಾಗಿಸಿ ಏನೋ ಕೇಳಿದಳು. ತಾಯಿ ತಟ್ಟೆಯನ್ನು ಹೊಸಿಲ ಪಕ್ಕ ಇಟ್ಟು ದಾರಿ ಬಿಟ್ಟಳು. ಏನು ಕೇಳಿದಳೆಂದು ಆಮೇಲೆ ತಿಳಿಯಿತು: ಅತ್ತೆ, ನನ್ನ ಅಜ್ಜಿ ಎಲ್ಲಿದ್ದಾರೆ.

ಎರಡು ದಿನವಾದ ಮೇಲೆ ಮಗು ನೋಡಲು ನನ್ನ ಕೋಣೆಗೆ ಬಂದಳು. ಕನ್ನಡ ಪೂರಾ ಮರೆತಿದ್ದಳು. ಇಂಗ್ಲಿಷಿನಲ್ಲಿ ಮಾತಾಡಿದೆವು. ಬಾವಿಕಟ್ಟೆ ನೆನಪಿದೆ, ನೀವು ನೆನಪಿಲ್ಲ, ಕ್ಷಮಿಸಿ ಎಂದಳು.

ಅವಳು ಹೇಳಿದ್ದನ್ನು ನಾನು ತೊಟ್ಟಿಲು ತೂಗುತ್ತ ಕೇಳಿದೆ. ಕಲ್ಕತ್ತೆಯ ಆ ವಿಧವೆ ಎರಡನೆಯ ವರ್ಷವೇ ಕೆಂಪು ಕಾಗದವನ್ನು ಒಲೆಗೆ ಹಾಕಿದ್ದಳು. ಈ ಕಾಲದಲ್ಲಿ ಇದೆಲ್ಲ ನಾಚಿಕೆ ಎಂದಿದ್ದಳು. ತಾನೇ ಮುಂದೆ ನಿಂತು ಅಂಗಡಿ ನಡೆಸುತ್ತಿದ್ದಳು. ಇವಳನ್ನು ಶಾಲೆಗೆ ಹಾಕಿದ್ದಳು. ಮಗ ಕಾಲೇಜಿನಲ್ಲಿ ಓದುತ್ತಿದ್ದ, ಇವಳನ್ನು ತಂಗಿ ಎನ್ನುತ್ತಿದ್ದ, ಸಂಜೆ ಲೆಕ್ಕ ಹೇಳಿಕೊಡುತ್ತಿದ್ದ. ಮೂರು ಜನ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು. ಮಾರ್ಚಿನಲ್ಲಿ ಮೆಟ್ರಿಕ್ಕು. ಇದೆಲ್ಲವನ್ನೂ ಅಲ್ಲಿನ ತಾಯಿ ವರ್ಷ ವರ್ಷ ಬರೆದಿದ್ದಳು. ಶಾಲೆಯ ಫೋಟೋ ಸಹ ಕಳಿಸಿದ್ದಳು.

"ಹಾಗಿದ್ದರೆ ಯಾಕೆ ಕಳಿಸಿದರು?"

"ಹೆಬ್ಬೆಟ್ಟು ಬಂತಲ್ಲ," ಎಂದಳು. "ಹಳೆಯ ಪದ್ಧತಿ ಎಲ್ಲವನ್ನೂ ಬಿಟ್ಟ ಕಲ್ಕತ್ತೆಯ ನಮ್ಮಮ್ಮನಿಗೆ ಅದೊಂದು ಬಿಡಲಾಗಲಿಲ್ಲ. ಒಂದು ವಾರ ಕಾಗದ ಓದಿ ಓದಿ ಅತ್ತರು. ಇಷ್ಟು ಕೋಪದ ಹಿರಿಯರ ಮಾತು ಮೀರಿದರೆ ನಿನಗೇ ಒಳ್ಳೆಯದಾಗುವುದಿಲ್ಲ ಎಂದರು."

ಅಂಗಡಿಯಲ್ಲಿ ಡಾಕ್ಟರನ್ನು ಹೆಂಡತಿ ಕೇಳಿದ್ದು ನಮ್ಮ ಗೋಡೆಗೆ ಕೇಳಿಸಿತು. ಕೂತಿದ್ದ ರೋಗಿಗಳಿಗೂ ತಿಳಿಯಲಿ ಎಂದೋ ಏನೋ ಅವಳು ಕನ್ನಡದಲ್ಲಿಯೇ ಜಗಳ ತೆಗೆದಳು. "ಹನ್ನೊಂದು ವರ್ಷ ಓದಿದ್ರಲ್ಲ, ಒಂದ್ಸಲನಾದ್ರೂ ಹೇಳ್ಬಾರ್ದಾಗಿತ್ತಾ?"

"ಅದು ಅಮ್ಮನ ಕಾಗ್ದ. ಅಮ್ಮ ಹೇಳ್ಬೇಕಾಗಿತ್ತು," ಎಂದರು ಡಾಕ್ಟರು. "ಬಾಯಿ ದೊಡ್ಡದಾಗಿ ತೆಗೀರಿ ಸ್ವಾಮಿ." ಅದು ರೋಗಿಗೆ ಹೇಳಿದ್ದು.

ಅಜ್ಜಿ ಮಾತು ನಿಂತು ಮಲಗಿದ್ದರು. ಎಡಗಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಕಾಲು ತೆಗೆಯಬೇಕೆಂದರಂತೆ, ಅದಕ್ಕೆ ಗಂಡಸು ಡಾಕ್ಟರು ಪಾದ ನೋಡಬೇಕು. ಅಜ್ಜಿ ತಲೆ ಅಲ್ಲಾಡಿಸಿ ಮನೆಗೆ ಬಂದುಬಿಟ್ಟರು. ಅವರ ಹೊಸ ವರ್ಷಕ್ಕೆ ಎರಡು ದಿನ ಮುಂಚೆ ಸತ್ತರು. ಅವ್ವ ನೋಡಿ ಬಂದು ಸ್ನಾನ ಮಾಡಿ, "ಆ ಸೊಸೆ ಎಷ್ಟ್ ಸೇವೆ ಮಾಡ್ದ್ಲು ಕಣೆ. ನೀನೂ ಅದ ನೋಡಿ ಕಲ್ತ್ಕೊ," ಎಂದಳು.

ಹುಡುಗಿ ಕಲ್ಕತ್ತೆಗೆ ಬರೆದಳು, ಪರೀಕ್ಷೆಗೆ ಮುಂಚೆ ವಾಪಸು ಬರುತ್ತೇನೆಂದು. ಉತ್ತರ ಬಂತು. ಬಾ ಮಗಳೇ, ನಿನ್ನ ಮಂಚದ ಹಾಸಿಗೆ ತೆಗೆದಿಲ್ಲ, ಆದರೆ ಅಲ್ಲಿನ ಮನೆಯ ಹಿರಿಯರು ಒಂದು ಮಾತು ಕೊಡಲಿ, ಕದ್ದು ತಂದೆನೆಂಬ ಹೆಸರು ನನಗೆ ಬೇಡ. ಆ ಮನೆಯಲ್ಲಿ ಈಗ ಹಿರಿಯಳು ಹೆತ್ತ ತಾಯಿಯೇ.

ನಾನು ಹಿತ್ತಿಲಿಗೆ ಹೋದದ್ದು ಮೂರನೆಯ ತಿಂಗಳಲ್ಲಿ, ಯಾದವಗಿರಿಗೆ ಹೊರಡುವ ವಾರ. ಹುಡುಗಿ ಕೇಳಿಕೊಂಡಿದ್ದಳು, ನೀವು ಹೇಳಿದರೆ ಅವರು ಕೇಳಬಹುದು ಎಂದು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ತಾಯಿ ಅಜ್ಜಿಯ ಕುರ್ಚಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಹುಡುಗಿ ಬರೆದು ತಂದ ಕಾಗದ ಅವಳ ಮೊಣಕಾಲ ಮೇಲಿತ್ತು. ಹುಡುಗಿ ಹಿಂದೆ ನಿಂತಿದ್ದಳು.

"ಒತ್ಬುಡಿ," ಎಂದೆ. "ಓದ್ಕೊಂಡು ರಜಕ್ಕೆ ಬರ್ತಾಳೆ."

"ಯಾಕ್ ಪುಟ್ಟಿ ಒತ್ಲಿ? ಕಾಲ್ ಕೊಳ್ಸಿ ಈಸ್ಕೊಂಡಿದೀನಿ ಇವ್ಳನ್ನ."

"ಅಲ್ಲಿ ಅವ್ಳು ಚೆನ್ನಾಗಿದ್ಲು."

"ನಾನು ಚೆನ್ನಾಗಿರ್ಲಿಲ್ವಲ್ಲ." ಬೀನ್ಸಿನ ನಾರು ಎಳೆದು ನೆಲಕ್ಕೆ ಹಾಕಿದಳು. "ನನ್ನೇ ಅತ್ತೆ ಅಂತಾಳೆ ಇವ್ಳು. ಆಯ್ತು, ಅತ್ತೆ ಹೆಂಗಿರ್ತಾಳೆ ನೋಡ್ಲಿ."

ಹುಡುಗಿಗೆ ಮಾತು ತಿಳಿಯಲಿಲ್ಲ, ಅರ್ಥ ತಿಳಿಯಿತು. ತಮ್ಮ ಭಾಷೆಯಲ್ಲಿ ಏನೋ ಬೇಡಿಕೊಂಡಳು. ತಾಯಿ ತಲೆ ತಿರುಗಿಸದೆ ಕೇಳಿದಳು. ಆಮೇಲೆ ಬೀನ್ಸ್ ಹಿಡಿದ ಕೈಯಿಂದ ನನ್ನನ್ನು ತೋರಿಸಿ ಒಂದೇ ಒಂದು ಮಾತು ಅಂದಳು. ಹುಡುಗಿ ನನ್ನ ಕಡೆ ನೋಡಿದಳು.

"ಆ ಕಾಗದ ಬರೆದದ್ದು ನೀವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೌದು ಎಂದೆ.

"ಅಜ್ಜಿ ಹೇಳಿದ ಹಾಗೇ ಬರೆದಿರಾ?"

ಅಜ್ಜಿ ಏನೂ ಹೇಳಲಿಲ್ಲ, ನಿಮ್ಮಮ್ಮ ಹೇಳಿದ್ದು ಎಂದೆ. ಎರಡು ಸಾಲು ಮಾತ್ರ ನನ್ನವು ಎಂದೂ ಹೇಳಿದೆ.

"ಯಾವ ಎರಡು?"

ಹೇಳಿದೆ. ನನಗೆ ಅವು ಬಾಯಿಪಾಠವಾಗಿದ್ದವು. ನಾನು ಮುಗಿಸುವ ಮೊದಲೇ ಎರಡನೆಯ ಸಾಲನ್ನು ಅವಳೇ ಮುಗಿಸಿದಳು. ಕಲ್ಕತ್ತೆಯಲ್ಲಿ ಅದನ್ನು ಅಷ್ಟು ಸಲ ಓದಿದ್ದರು. ಆಮೇಲೆ ತಾಯಿಯ ಮೊಣಕಾಲ ಮೇಲಿಂದ ತನ್ನ ಕಾಗದ ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು. ಅಂಗಡಿಯಿಂದ ಡಾಕ್ಟರು ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಲು ಕರೆದರು. ಸ್ವೆಟರಿನ ತೋಳು ಮಡಿಸಿಕೊಂಡು ಹೋದಳು.

ತಾಯಿ ಬಿಡಿಸಿದ ಬೀನ್ಸನ್ನು ಒಂದು ಹಿಡಿ ತೆಗೆದು ನನ್ನ ಸೆರಗಿಗೆ ಹಾಕಿದಳು, ಎಳೇದು, ಬಾಣಂತಿಗೆ ಒಳ್ಳೆಯದು ಎಂದು. ನಾನು ಹಿಡಿದುಕೊಂಡೆ.